ಏರಿನಲ್ಲಿ ನಿಲ್ಲುತ್ತಿದ್ದ ಪದ್ಮಿನಿ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೊರಟರೆ ನಮ್ಮ ಕಾರು ಮೊದಲ ಎಂಟು-ಹತ್ತು ಕಿಲೋಮೀಟರು ಒಂದು ಕೆಮ್ಮೂ ಇಲ್ಲದೆ ಓಡುತ್ತಿತ್ತು. ಆಮೇಲೆ ಒಂದು ಉದ್ದನೆಯ ಏರು ಬರುತ್ತದೆ. ಅಲ್ಲಿ ಎರಡು ಸಲ ಮುಗ್ಗರಿಸಿ, ಒಂದು ಸಲ ಜಗ್ಗಿ, ಆಫ್ ಆಗಿಬಿಡುತ್ತಿತ್ತು. ಹದಿನೈದು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಯೇ ಇಲ್ಲ ಎನ್ನುವ ಹಾಗೆ ಸ್ಟಾರ್ಟ್.

ಹೀಗೆ ಐದು ಸಲ ಆಯಿತು. ಐದನೇ ಸಲ ದೊಡ್ಡಮ್ಮ ಹಿಂದಿನ ಸೀಟಿನಲ್ಲಿದ್ದರು. "ಇದಕ್ಕೆ ಈ ಜಾಗ ಹಿಡಿಸಿದೆ ಮಾರಾಯ, ಇಲ್ಲೇ ಒಂದು ಶೆಡ್ ಕಟ್ಟಿಸು" ಎಂದರು.

ಕಾರು ದೊಡ್ಡಪ್ಪನದು. 1979ರ ಪ್ರೀಮಿಯರ್ ಪದ್ಮಿನಿ. ಊರಿನಲ್ಲಿ ಯಾರೂ ಅದನ್ನು ಪದ್ಮಿನಿ ಅನ್ನುವುದಿಲ್ಲ, ಫಿಯಟ್ ಅಂತಲೇ ಹೇಳುವುದು. ಅದೂ ತಪ್ಪೇನಲ್ಲ. ಇಟಲಿಯ ಫಿಯಟ್ 1100 ಕಾರನ್ನೇ ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಮಾಡುತ್ತಿತ್ತು. 1974ರಿಂದ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು. 1089 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಹೆಚ್ಚುಕಡಿಮೆ 40 ಕುದುರೆ ಬಲ, ಸ್ಟೇರಿಂಗ್ ಪಕ್ಕದಲ್ಲಿ ಗೇರು, ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಆ ಕಾಲದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ದೊಡ್ಡಪ್ಪನಿಗೆ ಕಾಯುವ ತಾಳ್ಮೆ ಇರಲಿಲ್ಲ. ಶಿವಮೊಗ್ಗದಲ್ಲಿ ಒಬ್ಬರು ಮೂರು ವರ್ಷ ಓಡಿಸಿದ್ದನ್ನು ತಂದರು.

2006ರಲ್ಲಿ ಅವರ ಕಣ್ಣು ಮಂಜಾಯಿತು. ಕಾರು ಅಡಿಕೆ ಒಣಗಿಸುವ ಅಂಗಳದ ಪಕ್ಕದ ಶೆಡ್ ಸೇರಿತು. ಹದಿನಾರು ಮಳೆಗಾಲ ಅಲ್ಲೇ ಕಳೆಯಿತು. ನಮ್ಮ ಕಡೆಯ ಮಳೆಗಾಲ ಅಂದರೆ ಗೊತ್ತಲ್ಲ, ಟ್ರಂಕಿನೊಳಗಿನ ರೇಷ್ಮೆ ಸೀರೆಗೇ ಬೂಷ್ಟು ಬರುತ್ತದೆ. 2022ರ ದೀಪಾವಳಿ ರಜೆಯಲ್ಲಿ ನಾನು ಬಾಗಿಲು ತೆಗೆದಾಗ ಸೀಟಿನೊಳಗೆ ಮೂರು ತಲೆಮಾರಿನ ಇಲಿಗಳಿದ್ದವು.

ನನ್ನ ಕೆಲಸ ಶಾಲೆಯಲ್ಲಿ ಪಾಠ ಹೇಳುವುದು. ಮೆಕ್ಯಾನಿಕ್ ಅಲ್ಲ. ಆದರೆ ಊರಿನಲ್ಲಿ ಒಬ್ಬ ಮೇಸ್ತ್ರಿ ಇದ್ದಾರೆ, ಎಪ್ಪತ್ತು ದಾಟಿದವರು, ಅಂಬಾಸಿಡರ್ ಮತ್ತು ಫಿಯಟ್ಟುಗಳ ಮೇಲೇ ಕೈ ಪಳಗಿಸಿಕೊಂಡವರು. ಅವರು ಒಂದು ಕರಾರು ಹಾಕಿದರು. "ಕೆಲಸ ನೀವು ಮಾಡಿ, ನಾನು ಕುರ್ಚಿ ಮೇಲೆ ಕೂತು ಬೈತೀನಿ. ಏನು ಬಿಚ್ಚಿದ್ರಿ, ಏನು ಹೊಸದು ಹಾಕಿದ್ರಿ, ಒಂದು ಪುಸ್ತಕದಲ್ಲಿ ಬರೀಬೇಕು." ಇನ್ನೂರು ಪುಟದ ನೋಟ್‌ಬುಕ್ ತಂದೆ. ಈ ಪುಸ್ತಕದ ವಿಷಯ ಮುಂದೆ ಬರುತ್ತದೆ.

ಎಂಜಿನ್ ಕೆಲಸ ಬೇಗ ಮುಗಿಯಿತು. ಎಲ್ಲರೂ ಅದಕ್ಕೇ ಹೆದರುತ್ತಾರೆ, ಆದರೆ ನಮಗೆ ಅದೇ ಸುಲಭ ಆಗಿದ್ದು. ನಾಲ್ಕು ಪ್ಲಗ್ ಬಿಚ್ಚಿ, ಡೀಸೆಲ್ಲಿಗೆ ಎಂಜಿನ್ ಆಯಿಲ್ ಬೆರೆಸಿ ಸಿಲಿಂಡರಿಗೆ ಸ್ವಲ್ಪ ಸ್ವಲ್ಪ ಬಿಟ್ಟು ಒಂದು ವಾರ ಸುಮ್ನೆ ಬಿಟ್ಟೆವು. ಆಮೇಲೆ ಮುಂದಿನ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಹಿಂದೆ ಮುಂದೆ ನಿಧಾನಕ್ಕೆ ಆಡಿಸಿದಾಗ ತಿರುಗಿತು. ಅವತ್ತೇ ಬ್ಯಾಟರಿ ತಂದು ಸೆಲ್ಫ್ ಹೊಡೆದುಬಿಡುವ ಆಸೆ ನನಗೆ. ಮೇಸ್ತ್ರಿ ಬ್ಯಾಟರಿ ತರಲು ಬಿಡಲಿಲ್ಲ. ಹಳೆ ಆಯಿಲ್ ತೆಗೆದು, ಹೊಸದು ಹಾಕಿ, ಕೈಯಲ್ಲೇ ನೂರಾರು ಸುತ್ತು ತಿರುಗಿಸಿದ ಮೇಲೆಯೇ ಸೆಲ್ಫ್. ಒಣಗಿದ ಬೇರಿಂಗು ಒಮ್ಮೆಲೇ ಜೋರಾಗಿ ತಿರುಗಿದರೆ ಹೋಯಿತು ಅಂತ ಲೆಕ್ಕ.

ಕ್ಲಚ್ ಪ್ಲೇಟು ಫ್ಲೈವೀಲಿಗೆ ಕಚ್ಚಿಕೊಂಡಿತ್ತು. ಪೆಡಲ್ ಒತ್ತಿ, ಅದಕ್ಕೂ ಸೀಟಿಗೂ ನಡುವೆ ಒಂದು ಅಡಿಕೆ ದಬ್ಬೆ ಸಿಕ್ಕಿಸಿ ಎರಡು ರಾತ್ರಿ ಬಿಟ್ಟೆವು. ಎರಡನೇ ಬೆಳಿಗ್ಗೆ ಗೇರಿನಲ್ಲಿಟ್ಟು ನೂಕಿದಾಗ 'ಟಪ್' ಎಂದು ಬಿಟ್ಟುಕೊಂಡಿತು.

ನಿಜವಾದ ಕೆಲಸ ಇದ್ದದ್ದು ತಳದಲ್ಲಿ. ರಬ್ಬರ್ ಮ್ಯಾಟ್ ಎತ್ತಿದರೆ ಡ್ರೈವರ್ ಕಾಲಿನ ಕೆಳಗೆ ನೆಲ ಕಾಣುತ್ತಿತ್ತು. ಬಾಗಿಲ ಕೆಳಗಿನ ಪಟ್ಟಿ ಹೊರಗಿನಿಂದ ನೋಡಲು ಚೆನ್ನಾಗಿತ್ತು. ಫ್ರಿಜ್ಜಿನ ಮೇಲೆ ಅಂಟಿಸುವ ಗಣಪತಿ ಮ್ಯಾಗ್ನೆಟ್ ತಂದು ಇಟ್ಟು ನೋಡಿದೆ. ಹಿಡಿಯಲೇ ಇಲ್ಲ. ಕಬ್ಬಿಣ ಯಾವತ್ತೋ ಹೋಗಿ ಅಲ್ಲಿ ಬರೀ ಪುಟ್ಟಿ ಉಳಿದಿತ್ತು.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಜೀಪಿನ ಹಾಗೆ ಈ ಕಾರಿಗೆ ಬೇರೆ ಚಾಸಿ, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟು, ಇಲ್ಲ. ಬಾಡಿಯೇ ಚಾಸಿ. ತಳದ ತಗಡು, ಬಾಗಿಲ ಕೆಳಗಿನ ಪಟ್ಟಿ, ಇವೇ ಕಾರಿನ ಬೆನ್ನು. ಎರಡೂ ಕಡೆ ಒಟ್ಟಿಗೆ ಕತ್ತರಿಸಿದರೆ ಕಾರು ನಡುವೆ ಬಾಗುತ್ತದೆ, ಆಮೇಲೆ ಬಾಗಿಲು ಹಾಕಲು ಬರುವುದಿಲ್ಲ. ನಾವು ಒಂದು ಕಡೆ ಮುಗಿಸಿಯೇ ಇನ್ನೊಂದು ಕಡೆಗೆ ಹೋದೆವು. ಬಾಗಿಲುಗಳನ್ನು ಹಾಕಿಟ್ಟು, ಒಳಗೆ ಮೂಲೆಯಿಂದ ಮೂಲೆಗೆ ಟೇಪು ಹಿಡಿದು, ಅಳತೆ ಬರೆದುಕೊಂಡು, ಒಂದೊಂದು ತುಂಡು ಬೆಸುಗೆ ಆದ ಮೇಲೆ ಮತ್ತೆ ಅಳೆದೆವು. ಬೆಸುಗೆ ನಾನು ಮಾಡಲಿಲ್ಲ. ಟಿಂಕರಿಂಗ್ ಮಾಡುವ ಹುಡುಗನೊಬ್ಬ ಮೆಷಿನ್ ಸಮೇತ ಮನೆಗೇ ಬಂದ. ಪೆಟ್ರೋಲ್ ಟ್ಯಾಂಕನ್ನು ಮೊದಲೇ ಬಿಚ್ಚಿ ತೋಟದ ಆಚೆ ಇಟ್ಟಿದ್ದೆವು. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆ ಆವಿ ತುಂಬಿರುತ್ತದೆ.

ಆ ಟ್ಯಾಂಕು ತೊಳೆದದ್ದು ನಮ್ಮೂರ ಮಕ್ಕಳಿಗೆ ಈಗಲೂ ನೆನಪಿದೆ. ಒಳಗೆ ತುಕ್ಕು ಹಪ್ಪಳದ ಹಾಗೆ ಏಳುತ್ತಿತ್ತು. ಒಂದು ಹಿಡಿ ಜಲ್ಲಿ, ಒಂದು ತುಂಡು ಚೈನು, ಸೋಪಿನ ನೀರು ಹಾಕಿ, ಹಳೆ ಕಂಬಳಿ ಸುತ್ತಿ, ಜಾಕಿ ಕೊಟ್ಟು ಎತ್ತಿದ ಟಿಲ್ಲರಿನ ಚಕ್ರಕ್ಕೆ ಕಟ್ಟಿ ನಿಧಾನಕ್ಕೆ ತಿರುಗಿಸಿದೆವು. ಎರಡು ಗಂಟೆ ಡಬ ಡಬ. ಊರಿಗೆಲ್ಲ ಕೇಳಿಸಿತು. ಆಮೇಲೆ ತೊಳೆದು, ಒಣಗಿಸಿ, ತುಕ್ಕು ತಿನ್ನುವ ಫಾಸ್ಫಾರಿಕ್ ಆಸಿಡ್ ದ್ರಾವಣ ಹಾಕಿ, ಮತ್ತೆ ತೊಳೆದೆವು.

ಬ್ರೇಕಿಗೆ ಎರಡು ತಿಂಗಳು ಹಿಡಿಯಿತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹದಿನಾರು ವರ್ಷ ಹೀರಿದರೆ ಸಿಲಿಂಡರ್ ಒಳಗೆ ತುಕ್ಕಿನ ಗುಳಿ ಬೀಳದೆ ಇರುತ್ತದೆಯೇ? ನಮ್ಮ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನು. ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕೂ ಬ್ರೇಕ್ ಹೋದವು ಅಂತಲೇ ಅರ್ಥ. ಅದಕ್ಕೇ ಇದರಲ್ಲಿ ಜಿಪುಣತನ ಮಾಡಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್ ಕಿಟ್ಟು, ಬ್ರೇಕ್ ಲೈನರು ತಂದೆ. ಹಳೆ ಲೈನರಿನ ಧೂಳನ್ನು ಊದಬೇಡಿ, ಅದರಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಸ್, ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನೇ ಹೂತುಬಿಟ್ಟೆ. ಪದ್ಮಿನಿಯ ಸಾಮಾನು ಇವತ್ತಿಗೂ ಸಿಗುವುದಕ್ಕೆ ಮುಂಬೈಯ ಟ್ಯಾಕ್ಸಿಗಳಿಗೆ ಕೈ ಮುಗಿಯಬೇಕು. ಕಾರಿನ ತಯಾರಿಕೆ ನಿಂತ ಮೇಲೂ ಎರಡು ದಶಕ ಆ ಕಪ್ಪು-ಹಳದಿ ಗಾಡಿಗಳು ಓಡಿದವು, ಬಿಡಿಭಾಗ ಮಾಡುವವರ ಅಂಗಡಿಯೂ ಓಡಿತು. 2023ರ ಅಕ್ಟೋಬರ್ ಕೊನೆಗೆ ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಬೇಕಾದ್ದನ್ನು ಈಗಲೇ ತಂದಿಟ್ಟುಕೊಳ್ಳುವುದು ಒಳ್ಳೆಯದು.

ಪೇಂಟು? ಪೂರ್ತಿ ಹೊಡೆಸಲಿಲ್ಲ. ಹೊಸ ತಗಡು ಹಾಕಿದ ಕಡೆ ಮಾತ್ರ. ತಳ ತೂತಾಗಿರುವ ಕಾರಿಗೆ ಮೊದಲು ಮೇಲೆ ಹೊಳಪು ಕೊಡುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ದೊಡ್ಡಪ್ಪನ ಮೊಣಕೈ ಸವೆಸಿದ ಬಾಗಿಲಿನ ಅಂಚು ಹಾಗೇ ಇದೆ.

2024ರ ಜನವರಿಯಲ್ಲಿ ಕಾರು ರಸ್ತೆಗಿಳಿಯಿತು. ಪೇಟೆಯೊಳಗೆ ಚೆನ್ನಾಗಿ ಓಡಿತು. ತರಕಾರಿಗೆ, ಬ್ಯಾಂಕಿಗೆ, ಶಾಲೆಗೆ ಏನೂ ತೊಂದರೆ ಇಲ್ಲ. ಆಗುಂಬೆ ರಸ್ತೆಯ ಆ ಏರಿನಲ್ಲಿ ಮಾತ್ರ ಸತ್ಯಾಗ್ರಹ.

ಮೊದಲ ಅನುಮಾನ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಮೇಲೆ. ಕಾಯಿಲ್ ಬಿಸಿಯಾದರೆ ಕಿಡಿ ಸಾಯುತ್ತದೆ, ತಣ್ಣಗಾದರೆ ಬರುತ್ತದೆ. ಹದಿನೈದು ನಿಮಿಷದ ಲೆಕ್ಕಕ್ಕೆ ಸರಿಹೊಂದುತ್ತದೆ. ಹೊಸ ಕಾಯಿಲ್ ಹಾಕಿದೆ, ಪಾಯಿಂಟು, ಕಂಡೆನ್ಸರ್ ಬದಲಾಯಿಸಿದೆ. ಮತ್ತೆ ಅದೇ ಏರು. ಕಾಯಿಲ್ ತರುವ ಮೊದಲು ಮಾಡಬೇಕಿದ್ದ ಕೆಲಸವನ್ನು ಆಮೇಲೆ ಮಾಡಿದೆ. ನಿಂತ ಕೂಡಲೇ ಒಂದು ಪ್ಲಗ್ ಬಿಚ್ಚಿ, ಎಂಜಿನ್ನಿಗೆ ತಾಗಿಸಿ ಹಿಡಿದು, ತಮ್ಮನಿಗೆ ಸೆಲ್ಫ್ ಹೊಡೆಯಲು ಹೇಳಿದೆ. ನೀಲಿ ಕಿಡಿ ಪಟ ಪಟ ಬಂತು. ಕಾಯಿಲಿನದ್ದು ತಪ್ಪಿರಲಿಲ್ಲ.

ಹಾಗಾದರೆ ಪೆಟ್ರೋಲು. ಪೆಟ್ರೋಲ್ ಬಿಸಿಗೆ ಆವಿಯಾಗಿ ಪಂಪಿನಲ್ಲಿ ಗುಳ್ಳೆ ಕಟ್ಟುತ್ತದೆ, ಏರ್ ಲಾಕ್ ಅನ್ನುತ್ತಾರಲ್ಲ, ಅದು ಅಂತ ಮೂವರು ಹೇಳಿದರು. ಹಳೇ ಡ್ರೈವರುಗಳ ಉಪಾಯ ಒದ್ದೆ ಬಟ್ಟೆ. ಎಂಜಿನ್ ಪಕ್ಕದಲ್ಲೇ ಪೆಟ್ರೋಲ್ ಪಂಪು ಇದೆ, ಅದರ ಮೇಲೆ ಒದ್ದೆ ಬಟ್ಟೆ ಹಾಕಿದೆ. ಸ್ಟಾರ್ಟ್ ಆಯಿತು! ಎರಡು ವಾರ ನಾನು ಊರಿಗೆಲ್ಲ ಏರ್ ಲಾಕ್ ಪಾಠ ಹೇಳಿಕೊಂಡು ತಿರುಗಿದೆ. ಪಂಪಿಗೂ ಎಂಜಿನ್ನಿಗೂ ನಡುವೆ ತಗಡಿನ ಮರೆ ಕೂಡ ಕಟ್ಟಿದೆ.

ಮೇಸ್ತ್ರಿ ಕೇಳಿದ್ದು ಒಂದೇ ಪ್ರಶ್ನೆ. "ಬಟ್ಟೆ ಒದ್ದೆ ಮಾಡಕ್ಕೆ ನೀರು ಎಲ್ಲಿಂದ ತಂದ್ರಿ?"

"ಕೆಳಗೆ ಹಳ್ಳ ಇದೆಯಲ್ಲ, ಅಲ್ಲಿಂದ."

"ಹೋಗಿ ಬರಕ್ಕೆ ಎಷ್ಟು ಹೊತ್ತು?"

ಹೆಚ್ಚುಕಡಿಮೆ ಹದಿನೈದು ನಿಮಿಷ. ನಾನು ಬಾಯಿ ಮುಚ್ಚಿಕೊಂಡೆ. ಮುಂದಿನ ಸಲ ಬಟ್ಟೆ ಮುಟ್ಟದೆ, ಬಾನೆಟ್ಟೂ ತೆಗೆಯದೆ, ಕಡಲೆಕಾಯಿ ತಿನ್ನುತ್ತಾ ಕೂತೆ. ಹದಿನೈದು ನಿಮಿಷಕ್ಕೆ ಸ್ಟಾರ್ಟ್. ಬಟ್ಟೆ ಏನೂ ಮಾಡಿರಲಿಲ್ಲ. ಹೊತ್ತು ಕಳೆದದ್ದೇ ಔಷಧಿ.

ಅಲ್ಲಿಂದ ಮುಂದೆ ನಾವು ಅನುಮಾನ ಬಿಟ್ಟು ಹುಡುಕಲು ಶುರು ಮಾಡಿದೆವು. ನಿಂತ ತಕ್ಷಣ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನ ಮುಚ್ಚಳ ಬಿಚ್ಚಿ ನೋಡಿದರೆ ಪೆಟ್ರೋಲ್ ನಿಲ್ಲುವ, ಫ್ಲೋಟ್ ಇರುವ ಬಟ್ಟಲು ತಳ ಕಂಡಿತ್ತು. ಅಂದರೆ ಪೆಟ್ರೋಲೇ ಬರುತ್ತಿಲ್ಲ. ಎಲ್ಲಿ ತಡೆ? ಮನೆಗೆ ಬಂದು ಪಂಪಿನ ಪೈಪು ಬಿಚ್ಚಿ ಬಾಟಲಿಗೆ ಹಿಡಿದು ಸೆಲ್ಫ್ ಹೊಡೆದರೆ ಚಿಲ್ ಚಿಲ್ ಎಂದು ಬಂತು. ಆದರೂ ಪಂಪಿನ ಡಯಾಫ್ರಾಮ್ ಬದಲಾಯಿಸಿದೆ. ಅದು ದಂಡ. ಟ್ಯಾಂಕಿನಲ್ಲಿ ತುಕ್ಕು ಉಳಿದು ಬಾಯಿಗೆ ಅಡ್ಡ ಬರುತ್ತಿದೆಯೋ ಎಂದು ಮತ್ತೆ ಟ್ಯಾಂಕ್ ಇಳಿಸಿದೆ. ಒಳಗೆ ಸ್ವಚ್ಛ. ಟ್ಯಾಂಕಿಗೆ ಗಾಳಿ ಹೋಗದೆ ಒಳಗೆ ಎಳೆತ ಕಟ್ಟುತ್ತಿದೆಯೋ ಎಂದು ಮುಚ್ಚಳ ಸಡಿಲ ಬಿಟ್ಟು ಓಡಿಸಿದೆ. ನಿಂತಿತು. ತಳದ ಕಬ್ಬಿಣದ ಪೈಪಿಗೆ, ಅದರ ಎರಡು ತುದಿಯ ರಬ್ಬರಿಗೆ ಪಂಕ್ಚರ್ ಅಂಗಡಿಯ ಗಾಳಿ ಬಿಟ್ಟೆ. ಸಲೀಸಾಗಿ ಹೋಯಿತು.

ಆಗ ಮೇಸ್ತ್ರಿ ಕುರ್ಚಿಯಿಂದ ಎದ್ದರು. ಎರಡು ಲೀಟರಿನ ಒಂದು ಡಬ್ಬಿಯನ್ನು ಬಾನೆಟ್ ಒಳಗೆ, ಎಂಜಿನ್ನಿನ ಬಿಸಿಯಿಂದ ದೂರ, ಬಿಗಿಯಾಗಿ ಕಟ್ಟಿ, ಅದರಿಂದ ನೇರ ಪಂಪಿಗೆ ಒಂದು ಗಿಡ್ಡ ಪೈಪು ಕೊಟ್ಟರು. ಇದನ್ನು ನೀವು ಮಾಡಿ ಅಂತ ನಾನು ಹೇಳುವುದಿಲ್ಲ. ನಮ್ಮ ಹತ್ತಿರ ಬೆಂಕಿ ಆರಿಸುವ ಸಿಲಿಂಡರ್ ಇತ್ತು, ಹಿಂದೆ ಬೈಕಿನಲ್ಲಿ ತಮ್ಮ ಇದ್ದ, ಮೇಸ್ತ್ರಿ ಪಕ್ಕದಲ್ಲಿ ಕೂತಿದ್ದರು. ಕಾರು ಏರು ಹತ್ತಿತು. ಅದರ ಮುಂದಿನ ಏರೂ ಹತ್ತಿತು. ಡಬ್ಬಿ ಖಾಲಿಯಾಗುವುದರೊಳಗೆ ಮನೆಗೆ ವಾಪಸ್ ಬಂದೆವು.

ಈಗ ಜಾಗ ಚಿಕ್ಕದಾಯಿತು. ಪಂಪು, ಕಾರ್ಬುರೇಟರು, ಕಿಡಿ ಎಲ್ಲ ಸರಿ. ತೊಂದರೆ ಪಂಪಿಗಿಂತ ಹಿಂದೆ. ಟ್ಯಾಂಕು ಸ್ವಚ್ಛ, ಪೈಪು ತೆರೆದಿದೆ.

"ಪುಸ್ತಕ ತನ್ನಿ" ಎಂದರು ಮೇಸ್ತ್ರಿ. "ಟ್ಯಾಂಕಿಂದ ಪಂಪಿನವರೆಗೆ ಹೊಸದು ಏನೇನು ಹಾಕಿದ್ರಿ?"

ಪುಟ ತಿರುವಿದೆ. ಟ್ಯಾಂಕಿನ ಪ್ಯಾಕಿಂಗ್, ಫಿಲ್ಟರ್, ಎರಡು ಕ್ಲಿಪ್ಪು. ಅಷ್ಟೇ ಬರೆದಿತ್ತು.

"ಕ್ಲಿಪ್ಪು ಯಾತಕ್ಕೆ ಹಾಕಿದ್ರಿ?"

ರಬ್ಬರ್ ಪೈಪಿಗೆ. ಆ ಪೈಪು ಪುಸ್ತಕದಲ್ಲಿ ಇರಲೇ ಇಲ್ಲ. ಮೀಟರಿಗಿಷ್ಟು ಎಂದು ಸುರುಳಿಯಿಂದ ಕತ್ತರಿಸಿ ಕೊಟ್ಟಿದ್ದರು, ನೂರು ಚಿಲ್ಲರೆ ರೂಪಾಯಿ. ಅದನ್ನು ಏನು ಬರೆಯುವುದು ಅಂತ ಬಿಟ್ಟಿದ್ದೆ.

ಬಿಚ್ಚಿ ನೋಡಿದರೆ ಹೊರಗೆ ಹೊಸದರ ಹಾಗೇ ಕರ್ರಗೆ ಹೊಳೆಯುತ್ತಿತ್ತು. ಮೇಸ್ತ್ರಿ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದರು. ಒಳಗಿನ ಪದರ ನೀರಿನಲ್ಲಿ ನೆನೆದ ಹಪ್ಪಳದ ಹಾಗೆ ಉಬ್ಬಿ ಮೆತ್ತಗಾಗಿತ್ತು. ಒಂದು ಕಡೆ ಸಿಪ್ಪೆಯ ಹಾಗೆ ಎದ್ದು ನಾಲಿಗೆ ಚಾಚಿತ್ತು.

ಆಮೇಲೆ ಎಲ್ಲ ತಾಳೆಯಾಯಿತು. ಪಂಪು ಟ್ಯಾಂಕಿನಿಂದ ಪೆಟ್ರೋಲನ್ನು ಎಳೆಯುತ್ತದೆ. ಪೇಟೆಯಲ್ಲಿ ನಿಧಾನಕ್ಕೆ ಹೋಗುವಾಗ ಬೇಕಾಗುವುದು ಸ್ವಲ್ಪ, ಎಳೆತವೂ ಸ್ವಲ್ಪ, ಹೇಗೋ ಬರುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಳೆತ ಜಾಸ್ತಿ. ಮೆತ್ತಗಾದ ಪೈಪು ಒಳಕ್ಕೆ ಕುಸಿಯುತ್ತದೆ, ಆ ನಾಲಿಗೆ ಬಾಯಿ ಮುಚ್ಚುತ್ತದೆ. ಬಟ್ಟಲಿನಲ್ಲಿದ್ದ ಪೆಟ್ರೋಲ್ ಮುಗಿಯುವ ತನಕ ಎಂಜಿನ್ ಓಡಿ ನಿಲ್ಲುತ್ತದೆ. ಎಂಜಿನ್ ನಿಂತರೆ ಎಳೆತವೂ ಇಲ್ಲ, ರಬ್ಬರು ನಿಧಾನಕ್ಕೆ ಮತ್ತೆ ಅರಳುತ್ತದೆ. ನಾನು ಗಾಳಿ ಬಿಟ್ಟು ನೋಡಿದಾಗ ಏಕೆ ಸಿಗಲಿಲ್ಲ? ಊದಿದರೆ ಅದು ತೆರೆಯುತ್ತದೆ, ಎಳೆದರೆ ಮಾತ್ರ ಮುಚ್ಚುತ್ತದೆ. ಪರೀಕ್ಷೆ ಮಾಡಿದ್ದೇ ಉಲ್ಟಾ ದಿಕ್ಕಿನಲ್ಲಿ. ಪಂಪಿನ ಬಾಟಲಿ ಪರೀಕ್ಷೆಯೂ ಹಾಗೇ, ಸೆಲ್ಫಿನ ವೇಗಕ್ಕೆ ಎಳೆತ ಎಲ್ಲಿ ಸಾಕು?

ರಬ್ಬರು ಕೆಟ್ಟದ್ದಕ್ಕೆ ಕಾರಣ ಪೆಟ್ರೋಲಿನಲ್ಲೇ ಇದೆ. ಈಗ ಬಂಕಿನಲ್ಲಿ ಸಿಗುವುದು ದೊಡ್ಡಪ್ಪ ಹಾಕಿಸುತ್ತಿದ್ದ ಪೆಟ್ರೋಲ್ ಅಲ್ಲ. ಅದರಲ್ಲಿ ಎಥೆನಾಲ್ ಇರುತ್ತದೆ. ನೂರಕ್ಕೆ 20 ಪಾಲು ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಕೊಟ್ಟರು. ಎಥೆನಾಲ್ ನೀರು ಹೀರುತ್ತದೆ, ಸಾಧಾರಣ ರಬ್ಬರನ್ನು ಉಬ್ಬಿಸುತ್ತದೆ. ಹೊಸ ಕಾರುಗಳನ್ನು ಅದಕ್ಕೆಂದೇ ಮಾಡಿರುತ್ತಾರೆ. 1979ರ ಕಾರಿಗೆ ನಾವೇ ಮಾಡಬೇಕು. ಪೈಪಿನ ಮೇಲೆ 'ಎಸ್‌ಎಇ ಜೆ30 ಆರ್9' ಎಂದು ಅಚ್ಚು ಇರುವುದನ್ನು ಕೇಳಿ ತನ್ನಿ. ಅದರ ಒಳಪದರಕ್ಕೆ ಎಥೆನಾಲ್ ತಡೆಯುವ ಬೇರೆಯೇ ರಬ್ಬರು ಬಳಸುತ್ತಾರೆ. ಬೆಲೆ ಜಾಸ್ತಿ. ಮೇಲೆ ಏನೂ ಬರೆಯದ ಪೈಪು ಪೆಟ್ರೋಲಿನದ್ದೋ ಗಿಡಕ್ಕೆ ನೀರು ಬಿಡುವುದೋ ಹೇಗೆ ಗೊತ್ತಾಗಬೇಕು? ತುಂಬಾ ದಿನ ಓಡಿಸದೆ ನಿಲ್ಲಿಸುವುದಾದರೆ ಕಾರ್ಬುರೇಟರ್ ಖಾಲಿ ಮಾಡುವುದೂ ಒಳ್ಳೆಯದು. ಮಳೆಗಾಲದಲ್ಲಿ ನಾನು ಹಾಗೇ ಮಾಡುತ್ತೇನೆ.

ಕಾಗದ ಪತ್ರದ ಬಗ್ಗೆಯೂ ಎರಡು ಮಾತು, ಕೇಳುವವರು ಜಾಸ್ತಿ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿ ಬಂತು, 'ವಿಎ' ಅಕ್ಷರದ ನಂಬರ್ ಪ್ಲೇಟು, ಹತ್ತು ವರ್ಷದ ಅವಧಿ. ಆದರೆ ಅಂಥ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ನಮ್ಮದಕ್ಕೆ 2029ರವರೆಗೆ ಆ ಮಾತೇ ಇಲ್ಲ. ಹಾಗಾಗಿ ಎಲ್ಲ ಹಳೆ ಕಾರುಗಳ ಹಾಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ. 2022ರ ಏಪ್ರಿಲ್‌ನಲ್ಲಿ ಇದರ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು, 2025ರಲ್ಲಿ ಇಷ್ಟು ಹಳೆಯ ಕಾರಿಗೆ ಮತ್ತೂ ಏರಿತು. ದೊಡ್ಡಪ್ಪ ತೀರಿಕೊಂಡಿದ್ದರಿಂದ ಮೊದಲು ಫಾರಂ 31 ತುಂಬಿ ಕಾರನ್ನು ದೊಡ್ಡಮ್ಮನ ಹೆಸರಿಗೆ ಮಾಡಿಸಿದೆವು, ಆಮೇಲೆ ನವೀಕರಣಕ್ಕೆ ಫಾರಂ 25. ಸಾಮಾನು ತರಲು ಖರ್ಚು ಮಾಡುವ ಮೊದಲೇ ಈ ಕೆಲಸ ನೋಡಿಕೊಳ್ಳಿ. ಕಾಗದ ಸಿಗದ ಕಾರು ಅಂಗಳದ ಅಲಂಕಾರ ಅಷ್ಟೇ.

ಹೊಸ ಪೈಪು ಹಾಕಿದ ಮಾರನೇ ಭಾನುವಾರ ದೊಡ್ಡಮ್ಮನನ್ನು ಕೂರಿಸಿಕೊಂಡು ಆಗುಂಬೆಗೆ ಹೊರಟೆ. ಆ ಏರು ಬಂದಾಗ ಅವರು ಕೈಚೀಲದಿಂದ ಕಡಲೆಕಾಯಿ ಪೊಟ್ಟಣ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಕಾರು ಮೂರನೇ ಗೇರಿನಲ್ಲಿ ಗುರ್ ಎನ್ನುತ್ತಾ ಹತ್ತಿ ಆಚೆ ಇಳಿಯಿತು. ದೊಡ್ಡಮ್ಮ ಹಿಂದೆ ತಿರುಗಿ ನೋಡಿದರು, ಪೊಟ್ಟಣವನ್ನು ಮತ್ತೆ ಚೀಲಕ್ಕೆ ಹಾಕಿದರು. ಸೂರ್ಯಾಸ್ತ ನೋಡುವ ಜಾಗದಲ್ಲಿ ಕೂತು ತಿಂದೆವು. ಘಾಟಿ ಇಳಿಯಲಿಲ್ಲ. ಡ್ರಮ್ ಬ್ರೇಕಿಗೆ ಆ ಹದಿನಾಲ್ಕು ತಿರುವು ಈಗಲೇ ಬೇಡ ಎಂದು ಮೇಸ್ತ್ರಿ ಹೇಳಿ ಕಳಿಸಿದ್ದರು.

ರಾತ್ರಿ ಪುಸ್ತಕ ತೆಗೆದು ಬರೆದೆ: ರಬ್ಬರ್ ಪೈಪು, ಎರಡು ತುಂಡು. ಸೀಳಿದ ಹಳೆಯದನ್ನು ಅದೇ ಪುಟಕ್ಕೆ ಸ್ಟೇಪಲ್ ಹೊಡೆಯಲು ಹೋದೆ, ಪಿನ್ನು ಇಳಿಯಲಿಲ್ಲ. ಈಗ ಅದು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ, ದೊಡ್ಡಪ್ಪನ ಕನ್ನಡಕದ ಪಕ್ಕ ಇದೆ.